ಇವತ್ತು ನಿಧಾನ ಯಾರು?

ನೆಟ್ಟಿ ಹಾವ್ರಿಲುಕ್ ಏಪ್ರಿಲ್ ಹತ್ತೊಂಬತ್ತರಂದು ಡೌಫಿನ್ ಊರಿನ ಆಸ್ಪತ್ರೆಯಲ್ಲಿ ತೀರಿಕೊಂಡಳು. ವಯಸ್ಸು ಅರವತ್ತೊಂಬತ್ತು. ಸರೋವರದ ಮೇಲಿನ ಮಂಜುಗಡ್ಡೆ ಇನ್ನೂ ಬಿಟ್ಟಿರಲಿಲ್ಲ. ನೆಲ ಕಲ್ಲಿನಂತಿದ್ದುದರಿಂದ ಗುಂಡಿ ತೋಡುವವರು ಮಣ್ಣಿಗಿಡುವ ಹಿಂದಿನ ದಿನವೇ ಅಲ್ಲಿ ಬೆಂಕಿ ಹಾಕಿ ಮಣ್ಣು ಕಾಯಿಸಬೇಕಾಯಿತು. ಪತ್ರಿಕೆಗೆ ನಾಲ್ಕು ಸಾಲು ಬರೆದುಕೊಡಿ ಎಂದು ಅವಳ ತಮ್ಮ ಕೇಳಿದ. ಹುಟ್ಟಿದ್ದು, ಮದುವೆಯಾದದ್ದು, ದುಡಿದದ್ದು, ಯಾರು ಯಾರು ಉಳಿದಿದ್ದಾರೆ ಎಂಬುದನ್ನು ಬರೆದುಕೊಟ್ಟೆ. ಕೊನೆಯ ಚಳಿಗಾಲದ ಸಂಗತಿ ನಾಲ್ಕು ಸಾಲಿನಲ್ಲಿ ಹಿಡಿಸಲಿಲ್ಲ. ಅದನ್ನು ಇಲ್ಲಿ ಬರೆಯುತ್ತೇನೆ.

ನೆಟ್ಟಿಯ ಅಜ್ಜ ಯುಕ್ರೇನಿನಿಂದ ಬಂದು ಮ್ಯಾನಿಟೋಬಾದ ಈ ಭಾಗದಲ್ಲಿ ಕಾಡು ಕಡಿದು ಗೋಧಿ ಬೆಳೆದವನು. ಹೊಲವೆಲ್ಲ ಗಂಡುಮಕ್ಕಳಿಗೆ ಹೋಯಿತು, ನನಗೆ ಬಂದದ್ದು ಪೊರಕೆ ಎಂದು ಅವಳು ನಗುತ್ತಿದ್ದಳು. ಇಪ್ಪತ್ತೇಳು ಬೇಸಿಗೆ ಅವಳು ನಮ್ಮ ರಾಷ್ಟ್ರೀಯ ಉದ್ಯಾನದೊಳಗಿನ ಕ್ಯಾಂಪಿನಲ್ಲಿ ಕೆಲಸ ಮಾಡಿದಳು. ಸರೋವರದ ದಡದ ಸ್ಪ್ರೂಸ್ ಮರಗಳ ನಡುವೆ ಡೇರೆ ಹಾಕಲು ಎಂಬತ್ತಾರು ಜಾಗಗಳಿವೆ. ಪ್ರತಿಯೊಂದಕ್ಕೂ ನಂಬರು ಬರೆದ ಒಂದು ಮರದ ಗೂಟ, ಒಂದು ಮೇಜು, ಒಂದು ಕಬ್ಬಿಣದ ಒಲೆ. ಬೆಳಿಗ್ಗೆ ಆರಕ್ಕೆ ಅವಳು ಸ್ನಾನದ ಮನೆಗಳಿಂದ ಶುರು ಮಾಡುತ್ತಿದ್ದಳು, ಆಮೇಲೆ ಕಕ್ಕಸುಗಳು, ಆಮೇಲೆ ಒಲೆಗಳ ಬೂದಿ. ಜನ ಬಿಟ್ಟುಹೋದ ಬೂದಿ ನೋಡಿದರೆ ಸಾಕು, ಅವರ ಸಂಸಾರ ಹೇಗಿದೆ ಎಂದು ತಿಳಿಯುತ್ತದೆ ಎನ್ನುತ್ತಿದ್ದಳು. ಅರ್ಧ ಸುಟ್ಟ ಕಾಗದ, ಪೂರ್ತಿ ಸುಟ್ಟ ಚಪ್ಪಲಿ, ಒಮ್ಮೆ ಒಂದು ಪಿಟೀಲಿನ ಕಮಾನು.

ಸೆಪ್ಟೆಂಬರಿನ ಕೊನೆಗೆ ಕ್ಯಾಂಪಿನ ನಲ್ಲಿಗಳನ್ನು ಖಾಲಿ ಮಾಡಿ, ಬೀಗ ಹಾಕಿ, ಮೇಜುಗಳನ್ನು ಮಗ್ಗುಲಿಗೆ ಉರುಳಿಸುತ್ತಾರೆ. ಆಮೇಲೆ ಮೇ ತಿಂಗಳವರೆಗೆ ಅಲ್ಲಿ ವಾಸಿಸುವವರು ಯಾರೂ ಇಲ್ಲ. ನರಿಗಳು ಓಡಾಡುತ್ತವೆ, ಅಪರೂಪಕ್ಕೊಂದು ಮೂಸ್, ಕುದುರೆಯಷ್ಟು ಎತ್ತರದ ಜಿಂಕೆ, ಹಾದುಹೋಗುತ್ತದೆ. ಈ ನಿರ್ಜನ ಕ್ಯಾಂಪಿನ ಸುತ್ತುದಾರಿಯಲ್ಲಿ ಚಳಿಗಾಲದ ಭಾನುವಾರಗಳಂದು ಒಂದು ಸುಲಭ ನಡಿಗೆ ಏರ್ಪಡಿಸಬೇಕೆಂದು ಪಾರ್ಕಿನವರು ಇಪ್ಪತ್ತು ವರ್ಷದ ಹಿಂದೆ ಯೋಚಿಸಿದರು. ಒಂದೂವರೆ ಕಿಲೋಮೀಟರು, ಏರು ಇಲ್ಲ, ಇಳಿಜಾರು ಇಲ್ಲ, ಹಿಮದಲ್ಲಿ ಹೂತುಹೋಗದ ಹಾಗೆ ಕಾಲಿಗೆ ಸ್ನೋಶೂ ಕಟ್ಟಿಕೊಂಡರೆ ಯಾರು ಬೇಕಾದರೂ ನಡೆಯಬಹುದು. ಮುಂದೆ ನಿಂತು ಕರೆದೊಯ್ಯುವವರು ಬೇಕಿತ್ತು. ನೆಟ್ಟಿ ಹೆಸರು ಕೊಟ್ಟಳು.

ಸ್ನೋಶೂ ಕಟ್ಟಿಕೊಂಡು ನಡೆಯುವುದೆಂದರೆ ಕಾಲಿಗೆ ಮೊರ ಕಟ್ಟಿಕೊಂಡು ನಡೆದ ಹಾಗೆ. ತೊಡೆ ಅಗಲಿಸಿ ಹೆಜ್ಜೆ ಹಾಕಬೇಕು, ಇಲ್ಲದಿದ್ದರೆ ನಮ್ಮ ಮೊರವನ್ನು ನಾವೇ ತುಳಿದು ಬೀಳುತ್ತೇವೆ. ಗಟ್ಟಿಮುಟ್ಟಾದವರು ಮುಂದೆ ಹೋಗಿ ಹೊಸ ಹಿಮ ತುಳಿದು ದಾರಿ ಮಾಡುತ್ತಾರೆ, ಬಲ ಕಡಿಮೆ ಇರುವವರು ಆ ತುಳಿದ ದಾರಿಯಲ್ಲಿ ಕೊನೆಗೆ ಬರುತ್ತಾರೆ. ಎಲ್ಲೆಲ್ಲೂ ಇದೇ ಪದ್ಧತಿ. ಮೊದಲ ವರ್ಷ ನೆಟ್ಟಿಯೂ ಹಾಗೇ ಮಾಡಿದಳು. ಒಂದು ಭಾನುವಾರ ಹೊರಟಾಗ ಹನ್ನೆರಡು ಜನ, ಮುಗಿಸಿದಾಗ ಹನ್ನೊಂದು. ಹನ್ನೆರಡನೆಯವಳು ಪೋರ್ಟೇಜ್ ಊರಿನ ಕಡೆಯ ಒಬ್ಬ ದಪ್ಪ ಹೆಂಗಸು. ಹಿಂದೆ ಬಿದ್ದವಳು ಕೂಗಲು ನಾಚಿ, ಸ್ನೋಶೂ ಬಿಚ್ಚಿ ಕಂಕುಳಲ್ಲಿ ಇಟ್ಟುಕೊಂಡು, ಮೊಣಕಾಲುದ್ದ ಹಿಮದಲ್ಲಿ ಹೂತುಹೋಗುತ್ತ ಏಳುತ್ತ ವಾಪಸು ಬಂದು ಕಾರಿನಲ್ಲಿ ಕೂತು ಅಳುತ್ತಿದ್ದಳು. ನೆಟ್ಟಿ ಕಾರಿನ ಗಾಜು ತಟ್ಟಿದಾಗ ಅವಳು ಇಳಿಸಲಿಲ್ಲ.

ಮುಂದಿನ ವಾರದಿಂದ ನೆಟ್ಟಿ ಹೊರಡುವ ಮುನ್ನ ಒಂದು ಪ್ರಶ್ನೆ ಕೇಳತೊಡಗಿದಳು: "ಇವತ್ತು ನಿಧಾನ ಯಾರು?"

ಯಾರೋ ಒಬ್ಬರು ಕೈ ಎತ್ತುತ್ತಿದ್ದರು. ಎತ್ತದಿದ್ದರೆ ಅವಳು ಕಾಯುತ್ತಿದ್ದಳು. ಕೈ ಎತ್ತಿದವರು ಅವಳ ಬೆನ್ನ ಹಿಂದೆ, ಎರಡನೆಯವರಾಗಿ ನಡೆಯಬೇಕು. ಅವರು ನಡೆದಷ್ಟೇ ವೇಗ ಎಲ್ಲರದೂ. ಹಿಂದಿನಿಂದ ಯಾರೂ ದಾಟಿ ಹೋಗುವ ಹಾಗಿಲ್ಲ. ಮೊದಮೊದಲು ಪಟ್ಟಣದಿಂದ ಬಂದ ವ್ಯಾಯಾಮದ ಜನ ಗೊಣಗಿದರು. "ಓಡೋದಾದ್ರೆ ಸರೋವರ ಅಲ್ಲಿದೆ, ಹದಿನಾಲ್ಕು ಕಿಲೋಮೀಟರ್ ಉದ್ದ ಇದೆ, ಹೋಗಿ ಓಡ್ಕೊಳ್ಳಿ," ಎಂದಳು. ಕ್ರಮೇಣ ಅಂಥವರು ಬರುವುದು ಬಿಟ್ಟರು. ಉಳಿದವರು ನಮ್ಮಂಥವರು.

ನಡಿಗೆಯಲ್ಲಿ ಅವಳು ಪ್ರಕೃತಿಪಾಠ ಹೇಳುತ್ತಿರಲಿಲ್ಲ. ನಂಬರಿನ ಗೂಟದ ತುದಿ ಹಿಮದಿಂದ ಮೇಲೆ ಎಲ್ಲಿ ಕಾಣುತ್ತದೋ ಅಲ್ಲಿ ನಿಲ್ಲುತ್ತಿದ್ದಳು. "ಐವತ್ತೆಂಟು. ಹೊಸದಾಗಿ ಮದುವೆಯಾದವರು. ಮೊದಲನೇ ದಿನವೇ ಜಗಳ. ಹುಡುಗಿ ದಿಂಬು ಎತ್ಕೊಂಡು ಬಂದು ಸ್ನಾನದ ಮನೇಲಿ ಮಲಗಿದ್ಲು. ಬೆಳಿಗ್ಗೆ ನಾನು ಅವಳ ಸುತ್ತಾನೇ ನೆಲ ಒರೆಸಿದೆ. ಎಬ್ಬಿಸ್ಲಿಲ್ಲ." ಅಷ್ಟು ಹೇಳಿ ಮುಂದೆ ಹೊರಡುತ್ತಿದ್ದಳು. ಆಮೇಲೇನಾಯಿತು ಎಂದು ಕೇಳಿದರೆ, "ನನಗೇನು ಗೊತ್ತು, ನಾನು ಒರೆಸೋಳು," ಎನ್ನುತ್ತಿದ್ದಳು.

ಕಳೆದ ನವೆಂಬರಿನಲ್ಲಿ ಅವಳ ಹೊಟ್ಟೆಯಲ್ಲಿ ಕ್ಯಾನ್ಸರ್ ಇರುವುದು ಪತ್ತೆಯಾಯಿತು. ವಿನ್ನಿಪೆಗ್ಗಿಗೆ ಕರೆದೊಯ್ದವಳು ನಾನು. ಡಾಕ್ಟರು ಬೇಸಿಗೆಯ ಮಾತೇ ಎತ್ತಲಿಲ್ಲ. ವಾಪಸು ಬರುವಾಗ ಮೂರು ಗಂಟೆ ದಾರಿ. ಎರಡು ಗಂಟೆ ಕಳೆಯಿತು. ಆಮೇಲೆ ಹೇಳಿದಳು:

"ಡೋರೀನ್, ಯಾರಿಗೂ ಹೇಳ್ಬೇಡ."

"ತಮ್ಮನಿಗೆ?"

"ಅವನಿಗೆ ಹೇಳ್ತೀನಿ. ಭಾನುವಾರದವರಿಗೆ ಹೇಳ್ಬೇಡ. ಹತ್ತು ಭಾನುವಾರ ಇದೆ. ಹತ್ತೂ ಮುಗಿಸ್ಬೇಕು ಕಣೇ, ಯಾರಿಗೂ ಗೊತ್ತಾಗದ ಹಾಗೆ."

"ಗೊತ್ತಾದ್ರೆ ಏನಾಗತ್ತೆ?"

"ನನ್ನ ಗಂಡ ವಾಸಿಲ್ ಸಾಯೋವಾಗ ನೋಡಿದ್ಯಲ್ಲ. ಮನೆ ತುಂಬ ಜನ, ಮೇಜಿನ ತುಂಬ ಕೋಸಿನ ಸುರುಳಿ, ಎಲ್ಲರದೂ ಪಿಸುದನಿ. ಅವನು ಬದುಕಿದ್ದಾಗಲೇ ಗೋಡೆಗೆ ಫೋಟೋ ಹಾಕಿದ ಹಾಗೆ ನೋಡ್ತಿದ್ರು. ಭಾನುವಾರ ನಾನು ಗೂಟ ತೋರಿಸಿದ್ರೆ ಅವರು ಗೂಟ ನೋಡ್ಬೇಕು. ನನ್ನ ಮುಖ ನೋಡ್ತಾ ನಿಂತ್ರೆ ಅದು ನಡಿಗೆ ಅಲ್ಲ, ಮಣ್ಣಿಗೆ ಹೋಗೋ ಮೆರವಣಿಗೆ."

ನಾನು ಒಪ್ಪಿಕೊಂಡೆ. ಒಪ್ಪಬಾರದಿತ್ತೇನೋ ಎಂದು ಆಮೇಲೆ ಎಷ್ಟೋ ಸಲ ಅನಿಸಿದೆ, ಒಪ್ಪಬಾರದಿತ್ತು ಎಂದು ಖಚಿತವಾಗಿ ಎಂದೂ ಅನಿಸಿಲ್ಲ.

ಇಲ್ಲಿನ ಯುಕ್ರೇನಿನ ಜನ ಹಳೆಯ ಪಂಚಾಂಗದಂತೆ ಮಾಡುವ ಜನವರಿ ಏಳರ ಕ್ರಿಸ್‌ಮಸ್ ಮುಗಿದ ಮೇಲಿನ ಭಾನುವಾರದಿಂದ ನಡಿಗೆ ಶುರು. ಆ ಹೊತ್ತಿಗೇ ಅವಳು ಹತ್ತು ಕಿಲೋ ಇಳಿದಿದ್ದಳು. ದಪ್ಪ ಕೋಟಿನೊಳಗೆ ಅದು ಕಾಣುತ್ತಿರಲಿಲ್ಲ. ಕಾಣುತ್ತಿದ್ದದ್ದು ಉಸಿರು. ನೂರು ಹೆಜ್ಜೆಗೆ ನಿಲ್ಲಬೇಕಾಗುತ್ತಿತ್ತು. ಇಪ್ಪತ್ತು ವರ್ಷದಿಂದ ಅವಳದೇ ನಿಯಮ: ಎಲ್ಲರಿಗಿಂತ ನಿಧಾನ ನಡೆಯುವವರು ಕೈ ಎತ್ತಬೇಕು. ಈಗ ಎಲ್ಲರಿಗಿಂತ ನಿಧಾನ ಅವಳೇ.

ಅವಳು ಕಂಡುಕೊಂಡ ಉಪಾಯ ಓನುಫ್ರಿ ಕೊಸ್ತಿನುಕ್. ತನಗಿಂತ ನಿಧಾನದವರೊಬ್ಬರನ್ನು ಕರೆತಂದು ಬೆನ್ನ ಹಿಂದೆ ಇಟ್ಟುಕೊಂಡರೆ ಯಾರೂ ತನ್ನ ಕಾಲು ನೋಡುವುದಿಲ್ಲ ಎಂದು ಅವಳ ಲೆಕ್ಕ. ಓನುಫ್ರಿ ಅವರಿಗೆ ಎಂಬತ್ತಮೂರು. ರೈಲ್ವೆಯಲ್ಲಿ ಹಳಿ ನೋಡಿಕೊಳ್ಳುವ ತಂಡದ ಮೇಸ್ತ್ರಿಯಾಗಿದ್ದವರು, ಹೆಂಡತಿ ಪರಾಸ್ಕಾ ತೀರಿಹೋಗಿ ಆರು ವರ್ಷ. ಹರೆಯದಲ್ಲಿ ಅವರು ಊರಿನ ಚಳಿಗಾಲದ ಪಂದ್ಯಗಳಲ್ಲಿ ಸ್ನೋಶೂ ಓಟವನ್ನು ಏಳು ವರ್ಷ ಗೆದ್ದವರು. ಮಂಜುಗಡ್ಡೆಯ ಮೇಲೆ ಕರ್ಲಿಂಗ್ ಆಟ ಆಡುವ ರಿಂಕಿನ ಕ್ಯಾಂಟೀನಿನಲ್ಲಿ ಅವರ ಫೋಟೋ ಇವತ್ತಿಗೂ ಇದೆ: ಕೈ ಮೇಲೆತ್ತಿ, ಬಾಯಿ ತೆರೆದು, ಒಂದು ಕಾಲು ಗಾಳಿಯಲ್ಲಿ. ಈಗ ಸೊಂಟ ಹಿಡಿದುಕೊಂಡು ನಡೆಯುತ್ತಿದ್ದರು. ಇಲ್ಲಿ ಹಿರಿಯರನ್ನು ಕರೆಯುವಂತೆ ನಾವೆಲ್ಲ ಅವರನ್ನು ವುಯ್ಕು, ಅಂದರೆ ಮಾವ, ಎನ್ನುತ್ತಿದ್ದೆವು.

ನೆಟ್ಟಿ ಅವರ ಮನೆಗೆ ಹೋಗಿ ಅಂಗಳದಲ್ಲೇ ನಿಂತು ಕೇಳಿದಳು. ನಾನು ಜೊತೆಗಿದ್ದೆ.

"ವುಯ್ಕು, ಭಾನುವಾರ ನಡಿಗೆಗೆ ಬರ್ತೀರಾ?"

"ಯಾಕೆ, ನಿನ್ನ ಹೆಂಗಸರ ಗುಂಪಿಗೆ ದಾರಿ ಮರೆತುಹೋಯ್ತಾ?"

"ಮನೇಲಿ ಕೂತು ತುಕ್ಕು ಹಿಡೀತಿದ್ದೀರಲ್ಲ. ನಿಧಾನಕ್ಕೆ ಹೋಗೋಣ. ಕೋಸಿನ ಸುರುಳಿ ಮಾಡಿ ತರ್ತೀನಿ."

"ಅಕ್ಕಿ ಹಾಕಿದ್ದೋ, ಮಾಂಸ ಹಾಕಿದ್ದೋ?"

"ಎರಡೂ."

ಓನುಫ್ರಿ ಅವಳ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. "ಮಾಂಸ ಹಾಕಿದ್ದಾದ್ರೆ ಬರ್ತೀನಿ," ಎಂದರು.

ಉಪಾಯ ಫಲಿಸಿತು. ಪ್ರತಿ ಭಾನುವಾರ ನೆಟ್ಟಿ ಪ್ರಶ್ನೆ ಕೇಳುತ್ತಿದ್ದಳು, ಓನುಫ್ರಿ ಕೈ ಎತ್ತುತ್ತಿದ್ದರು, ಹದಿನಾಲ್ಕು ಜನರ ಸಾಲು ಅವರ ಸೊಂಟದ ವೇಗಕ್ಕೆ ಹೊಂದಿಕೊಳ್ಳುತ್ತಿತ್ತು. ಅವರು ಆಗಾಗ ನಿಂತು ಗೊಣಗುತ್ತಿದ್ದರು, ಮೂಗು ಸೀಟುತ್ತಿದ್ದರು, ಪಟ್ಟಿ ಸಡಿಲವಾಯಿತೆಂದು ಬಗ್ಗಿ ಐದು ನಿಮಿಷ ಬಿಗಿಯುತ್ತಿದ್ದರು. ಅಷ್ಟರಲ್ಲಿ ನೆಟ್ಟಿಯ ಉಸಿರು ಸಮಕ್ಕೆ ಬರುತ್ತಿತ್ತು. ಶಾಲೆಯ ಬಸ್ಸು ಓಡಿಸುವ ಗಾರ್ಡಿ ಅರ್ಧ ಗಂಟೆ ಮೊದಲೇ ಸೌದೆ ತುಂಬಿದ ಜಾರುಬಂಡಿ ಎಳೆದುಕೊಂಡು ಹೋಗಿ ದಾರಿಯ ನಡುವೆ ಇರುವ ಅಡುಗೆ ಚಾವಡಿಯ ಒಲೆ ಹೊತ್ತಿಸಿರುತ್ತಿದ್ದ. ಹಾಗಾಗಿ ಅಲ್ಲಿಯವರೆಗೆ ತುಳಿದ ದಾರಿ. ಕಾಫಿ ಕುಡಿದ ಮೇಲಿನ ಅರ್ಧ ದಾರಿಯನ್ನು ತುಳಿಯುವುದು ಮೊದಲಿನಿಂದಲೂ ನೆಟ್ಟಿಯ ಕೆಲಸ.

ಈ ವರ್ಷ ಫೆಬ್ರುವರಿಯಲ್ಲಿ ಹಿಮ ಕಡಿಮೆ. ಎಂಟು ಭಾನುವಾರ ಹೀಗೇ ಕಳೆದವು. ಒಂದೊಂದು ಭಾನುವಾರವಾದ ಮೇಲೂ ಅವಳು ಸೋಮವಾರವಿಡೀ ಮಲಗಿರುತ್ತಿದ್ದಳು. ನಾನು ಸೂಪು ಒಯ್ದರೆ, "ಎಷ್ಟಾಯ್ತು?" ಎಂದು ಕೇಳುತ್ತಿದ್ದಳು. ಅವಳಿಗೆ ಗೊತ್ತಿಲ್ಲದೇ ಏನಿಲ್ಲ. ನನ್ನ ಬಾಯಿಂದ ಕೇಳಬೇಕಿತ್ತು.

ಒಂಬತ್ತನೆಯ ವಾರ, ಶುಕ್ರವಾರ ಮತ್ತು ಶನಿವಾರ ಎಡೆಬಿಡದೆ ಹಿಮ ಸುರಿಯಿತು. ಭಾನುವಾರ ಬೆಳಿಗ್ಗೆ ಮೋಡ ಸರಿದು, ಶೂನ್ಯಕ್ಕಿಂತ ಹದಿನೆಂಟು ಡಿಗ್ರಿ ಕೆಳಗೆ. ಕ್ಯಾಂಪಿನಲ್ಲಿ ಮೇಜುಗಳ ಗುರುತೇ ಇರಲಿಲ್ಲ, ನಂಬರಿನ ಗೂಟಗಳು ಟೋಪಿ ಇಟ್ಟುಕೊಂಡಂತೆ ಅಲ್ಲೊಂದು ಇಲ್ಲೊಂದು. ಚಾವಡಿಯಲ್ಲಿ ಕಾಫಿ ಮುಗಿದಾಗ ಗಾರ್ಡಿ ಹೇಳಿದ, "ನೆಟ್ಟಿ, ಮುಂದೆ ಮೊಣಕಾಲುದ್ದ ಇದೆ. ಇವತ್ತು ನಾನು ತುಳೀಲಾ?"

"ನಿನ್ನ ಹಿಂದೆ ಬಂದ್ರೆ ಸಂಜೆಗೆ ವಿನ್ನಿಪೆಗ್ ಸೇರ್ತೀವಿ. ಬಸ್ ಅಲ್ಲಪ್ಪ ಇದು. ಹಿಂದೆ ಬಾ, ಬಂಡಿ ಎಳ್ಕೊಂಡು."

ಎಲ್ಲರೂ ನಕ್ಕರು. ಅವಳು ಮುಂದೆ ಹೊರಟಳು. ಅರವತ್ತೆರಡನೆಯ ನಂಬರಿನವರೆಗೆ ನಾನು ಹೆಜ್ಜೆ ಎಣಿಸುತ್ತಿದ್ದೆ. ಅಲ್ಲಿ ಅವಳು ಗೂಟ ಹಿಡಿದು ನಿಂತು ಕಥೆ ಶುರು ಮಾಡಿದಳು. ರಿಜೈನಾದಿಂದ ಬಂದ ಕುಟುಂಬ, ಇರುವೆಗೂಡಿನ ಮೇಲೆ ಡೇರೆ. ಕಥೆ ಸಣ್ಣದು, ನಾವೆಲ್ಲ ಕೇಳಿದ್ದೇ. ಆದರೆ ಅವತ್ತು ಅದು ಮುಗಿಯಲೇ ಇಲ್ಲ. ತಂದೆ ಡೇರೆ ಬಿಚ್ಚಿದ ಎಂದಳು, ಆಮೇಲೆ ಮತ್ತೆ ತಂದೆ ಡೇರೆ ಬಿಚ್ಚಿದ ಎಂದಳು. ಗೂಟದ ಮೇಲಿನ ಹಿಮ ಉದುರುತ್ತಿತ್ತು. ಅವಳು ಗೂಟಕ್ಕೆ ಪೂರ್ತಿ ಭಾರ ಹಾಕಿದ್ದರಿಂದ ಎಂದು ಗೊತ್ತಾಗಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ನಾನು ಸಾಲಿನಲ್ಲಿ ನಾಲ್ಕನೆಯವಳು. ನಾನು ಹೆಜ್ಜೆ ಎತ್ತುವ ಮೊದಲೇ ಓನುಫ್ರಿ ದೊಪ್ಪನೆ ಹಿಮದಲ್ಲಿ ಕುಳಿತರು.

"ಅಯ್ಯಯ್ಯೋ! ಸೊಂಟ! ಹೋಯ್ತು, ಸೊಂಟ ಹೋಯ್ತು!"

ಸಾಲೆಲ್ಲ ಅವರ ಸುತ್ತ ಸೇರಿತು. ಯಾರೂ ನೆಟ್ಟಿಯ ಕಡೆ ನೋಡಲಿಲ್ಲ. ಅವಳು ಗೂಟಕ್ಕೆ ಬೆನ್ನು ಕೊಟ್ಟು ಕಣ್ಣು ಮುಚ್ಚಿದ್ದಳು.

"ಏಳಕ್ಕಾಗತ್ತಾ ವುಯ್ಕು?" ಎಂದ ಗಾರ್ಡಿ.

"ಎದ್ದೇಳೋ ಹಾಗಿದ್ರೆ ಕೂರ್ತಿದ್ನೇನೋ? ಆ ಬಂಡಿ ತಾ. ಆ ಕಡೆ ಕೆಲಸದವರ ದಾರಿ ಇದೆ, ನೇರ ಹೋದ್ರೆ ಮುನ್ನೂರು ಹೆಜ್ಜೆ, ಕಾರಿನ ಹತ್ರ ಸೇರ್ತೀವಿ. ಸುತ್ತು ಬೇಡ ಇವತ್ತು, ನನ್ನ ಪ್ರಾಣ ಹೋಗ್ತಿದೆ."

ಸೌದೆಯ ಬಂಡಿಯಲ್ಲಿ ಅವರನ್ನು ಮಲಗಿಸಿದರು. ಬಂಡಿ ಗಿಡ್ಡ, ಓನುಫ್ರಿ ಉದ್ದ. ಕಾಲೆರಡೂ ಮೊರಗಳ ಸಮೇತ ಆಚೆ ಚಾಚಿಕೊಂಡಿದ್ದವು. ಗಾರ್ಡಿ ಮತ್ತು ಇನ್ನಿಬ್ಬರು ಎಳೆದರು, ಉಳಿದವರು ತುಳಿದು ದಾರಿ ಮಾಡಿದರು. ನೆಟ್ಟಿಯೂ ನಾನೂ ಎಲ್ಲರಿಗಿಂತ ಹಿಂದೆ, ಆ ಎಳೆದ ನುಣುಪು ಜಾಡಿನಲ್ಲಿ ಬಂದೆವು. ಅವಳು ನನ್ನ ತೋಳು ಹಿಡಿದಿದ್ದಳು. ಯಾರೋ ಫೋನಿನಲ್ಲಿ ಫೋಟೋ ತೆಗೆದರು.

"ನನ್ನ ಆಟ ಅವರ ಸೊಂಟ ಮುರೀತು," ಎಂದಳು ನೆಟ್ಟಿ ಕಾರಿನಲ್ಲಿ.

ಮರುದಿನ ಮಧ್ಯಾಹ್ನ, ನಾನು ಬೇಡವೆಂದರೂ ಕೇಳದೆ, ನೋವಿನ ಮುಲಾಮು ಹಿಡಿದು ಅವರ ಮನೆಗೆ ಹೊರಟಳು. ಅಂಗಳಕ್ಕೆ ಕಾರು ತಿರುಗಿಸಿದಾಗ ಓನುಫ್ರಿ ಏಣಿ ಹತ್ತಿ, ಕೊಟ್ಟಿಗೆಯ ಸೂರಿನ ಮೇಲೆ ನಿಂತು, ಸಲಿಕೆಯಿಂದ ಹಿಮ ಕೆಳಗೆ ತಳ್ಳುತ್ತಿದ್ದರು. ನಮ್ಮನ್ನು ನೋಡಿ ಸಲಿಕೆ ಅಲ್ಲೇ ನಿಲ್ಲಿಸಿದರು.

ನೆಟ್ಟಿ ಕಾರಿನಿಂದ ಇಳಿದು ಮೇಲೆ ನೋಡಿದಳು. "ಸೊಂಟ ಹೇಗಿದೆ ವುಯ್ಕು?"

"ಅದು ಭಾನುವಾರದ ಸೊಂಟ. ಇವತ್ತು ಸೋಮವಾರ."

"ಇಳೀರಿ ಕೆಳಗೆ."

ಅವರು ಇಳಿದರು. ಪಟಪಟನೆ ಇಳಿದರು, ಬೇಕೆಂದೇ ಇರಬಹುದು. ಕೈಗವಸು ಬಿಚ್ಚಿ ಜೇಬಿಗೆ ಹಾಕಿಕೊಂಡರು.

"ಯಾರು ಹೇಳಿದ್ದು ನಿಮಗೆ? ಡೋರೀನಾ?"

"ಯಾರೂ ಹೇಳ್ಲಿಲ್ಲ. ನೀನು ಈ ಅಂಗಳದಲ್ಲಿ ನಿಂತು ನಡಿಗೆಗೆ ಬನ್ನಿ ಅಂದ್ಯಲ್ಲ, ಅವತ್ತೇ ಗೊತ್ತಾಯ್ತು. ಕಣ್ಣಿನ ಆ ಹಳದಿ ಬಣ್ಣ ಪರಾಸ್ಕಾ ಜೊತೆ ಹನ್ನೊಂದು ತಿಂಗಳು ನೋಡಿದ್ದೀನಿ."

"ಜನವರಿಯಿಂದ ಗೊತ್ತಿದ್ದೂ..."

"ಹೂಂ."

"ನಾನು ನಿಮ್ಮನ್ನ ಕರೆದದ್ದು ನೀವು ನಿಧಾನ ಅಂತ!"

"ನಾನು ಬಂದದ್ದು ನೀನು ನಿಧಾನ ಅಂತ."

ನೆಟ್ಟಿಗೆ ಸಿಟ್ಟು ಬಂತು. ಇಷ್ಟು ವರ್ಷದಲ್ಲಿ ಅವಳಿಗೆ ಅಷ್ಟು ಸಿಟ್ಟು ಬಂದದ್ದನ್ನು ನಾನು ನೋಡಿರಲಿಲ್ಲ. "ಯಾರು ಕೇಳಿದ್ರು ನಿಮ್ಮನ್ನ? ಹಾಂ? ಯಾರು ಕೇಳಿದ್ರು? ನನ್ನ ಪಾಡಿಗೆ ನನ್ನ ಬಿಡಕ್ಕೆ ಏನು ಕಷ್ಟ?" ಎಂದು ಮುಲಾಮಿನ ಡಬ್ಬಿಯನ್ನು ಅವರ ಎದೆಗೆ ಎಸೆದಳು. ಅವರು ಹಿಡಿದುಕೊಂಡರು.

"ಬಿದ್ದಿದ್ರೆ ಎಲ್ಲರೂ ನೋಡ್ತಿದ್ರು ಕಣಮ್ಮ," ಎಂದರು. "ನೋಡಬಾರ್ದು ಅಂತ ತಾನೇ ನಿನ್ನ ಹಟ? ನೋಡ್ಲಿಲ್ಲ. ನನ್ನ ನೋಡಿದ್ರು. ನೋಡ್ಲಿ ಬಿಡು, ನನಗೇನು."

ಅವರಿಗೇನು ಎಂಬುದು ಬುಧವಾರ ಗೊತ್ತಾಯಿತು. ಬುಧವಾರ ರಿಂಕಿನ ಕ್ಯಾಂಟೀನಿನಲ್ಲಿ ಬೀಟ್‌ರೂಟಿನ ಸೂಪು ಮಾಡುತ್ತಾರೆ, ಊರೆಲ್ಲ ಅಲ್ಲಿರುತ್ತದೆ. ನೆಟ್ಟಿಗೆ ಊಟ ಸೇರುತ್ತಿರಲಿಲ್ಲವಾದರೂ ಆ ಸೂಪು ಎರಡು ಚಮಚ ಹೋಗುತ್ತಿತ್ತು, ಹಾಗಾಗಿ ಕರೆದೊಯ್ದಿದ್ದೆ. ಗೋಡೆಯ ಮೇಲೆ ಓನುಫ್ರಿಯ ಹಳೆಯ ಓಟದ ಫೋಟೋದ ಕೆಳಗೆ ಹೊಸದೊಂದನ್ನು ಅಂಟಿಸಿದ್ದರು: ಬಂಡಿಯಲ್ಲಿ ಮಲಗಿದ ಮುದುಕ, ಆಕಾಶಕ್ಕೆ ಚಾಚಿದ ಎರಡು ಮೊರ. ಕೆಳಗೆ ಪೆನ್ನಿನಲ್ಲಿ 'ನಮ್ಮ ಚಾಂಪಿಯನ್, ಎಂಟನೆಯ ಗೆಲುವು' ಎಂದು ಬರೆದಿತ್ತು.

ಓನುಫ್ರಿ ಬಾಗಿಲು ತೆರೆದು ಒಳಗೆ ಬಂದಾಗ ಒಂದು ಮೇಜಿನವರೆಲ್ಲ ಚಪ್ಪಾಳೆ ತಟ್ಟಿದರು. ಒಬ್ಬ ಎದ್ದು ಕುರ್ಚಿಗೆ ಹಗ್ಗ ಕಟ್ಟಿ, ದಿಂಬು ಹಾಕಿ, "ಬನ್ನಿ ವುಯ್ಕು, ಸವಾರಿ ಸಿದ್ಧ! ಸೂಪಿನ ಹತ್ರ ಎಳ್ಕೊಂಡು ಹೋಗ್ತೀವಿ," ಎಂದ. ಇನ್ನೊಬ್ಬ ರೈಲಿನ ಸೀಟಿ ಊದಿದ. ಓನುಫ್ರಿ ನಕ್ಕರು. ಕುರ್ಚಿಯಲ್ಲಿ ಕೂತೂ ತೋರಿಸಿದರು. "ಮೆಲ್ಲಗೆ ಕಣ್ರೋ, ಹಳೇ ಸಾಮಾನು," ಎಂದರು. ಅವರನ್ನು ಎಳೆದರು. ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಕೆಟ್ಟ ಜನ ಅಲ್ಲ, ಯಾವ ವಿಷವೂ ಇರಲಿಲ್ಲ. ಎಂಬತ್ತು ದಾಟಿದ ಮೇಲೂ ತನ್ನ ಸೌದೆ ತಾನೇ ಒಡೆದುಕೊಳ್ಳುತ್ತೇನೆಂದು ಹೇಳಿಕೊಳ್ಳುತ್ತಿದ್ದ ಮನುಷ್ಯ ಸೂಪಿನ ಬಟ್ಟಲು ತೆಗೆದುಕೊಂಡು, ಗೋಡೆಗೆ ಬೆನ್ನು ಹಾಕಿ, ಆ ಎರಡೂ ಫೋಟೋ ಕಾಣದ ಕಡೆ ಕೂತರು. ಪ್ರತಿ ಬುಧವಾರ ಅವರು ಕೂರುತ್ತಿದ್ದದ್ದು ಆ ಫೋಟೋದ ಎದುರಿಗೆ.

ನೆಟ್ಟಿ ಚಮಚ ಕೆಳಗಿಟ್ಟಳು. ಕಾರಿನಲ್ಲಿ ಕೂತ ಮೇಲೆ ನಾನು, "ಇನ್ನೊಂದೇ ಭಾನುವಾರ. ಅದೂ ಮುಗಿಯತ್ತೆ ಬಿಡು," ಎಂದೆ.

"ಹೌದು," ಎಂದಳು. ಸೀಟಿನ ಪಟ್ಟಿ ಹಾಕಿಕೊಳ್ಳುತ್ತ, "ಡೋರೀನ್, ಅವರು ಯಾವ ಕಡೆ ಕೂತ್ರು ನೋಡಿದ್ಯಾ?" ಎಂದಳು.

ಹತ್ತನೆಯ ಭಾನುವಾರ ಮೋಡ ಮುಸುಕಿತ್ತು, ಗಾಳಿ ಇರಲಿಲ್ಲ. ಕಾರುಗಳ ಹತ್ತಿರ ಎಲ್ಲರೂ ಬಗ್ಗಿ ಪಟ್ಟಿ ಬಿಗಿಯುತ್ತಿದ್ದರು. ಒಲೆ ಹೊತ್ತಿಸಿ ಆಗಲೇ ವಾಪಸು ಬಂದಿದ್ದ ಗಾರ್ಡಿ, ಓನುಫ್ರಿ ಬಂದದ್ದನ್ನು ನೋಡಿ, "ವುಯ್ಕು, ಬಂಡಿಗೆ ಹೊಸ ಹಗ್ಗ ಹಾಕಿದ್ದೀನಿ," ಎಂದ. ಓನುಫ್ರಿ, "ನಿನ್ನ ಬಸ್ಸಿಗಿಂತ ಚೆನ್ನಾಗಿ ಓಡತ್ತೆ," ಎಂದರು.

ನೆಟ್ಟಿ ಎಲ್ಲರ ಮುಂದೆ ನಿಂತು ಕೇಳಿದಳು: "ಇವತ್ತು ನಿಧಾನ ಯಾರು?"

ಓನುಫ್ರಿ ಕೈ ಎತ್ತಿದರು.

"ಕೈ ಇಳಿಸಿ ವುಯ್ಕು," ಎಂದಳು ನೆಟ್ಟಿ. ತನ್ನ ಬಲಗೈ ಎತ್ತಿದಳು. ದಪ್ಪ ಕೆಂಪು ಕೈಗವಸು. "ನಾನು."

ಯಾರೋ ನಕ್ಕರು. ಅವಳು ಕೈ ಇಳಿಸಲಿಲ್ಲ.

"ನಗಬೇಡಿ. ಇವತ್ತು ಅಷ್ಟೇ ಅಲ್ಲ, ಜನವರಿಯಿಂದ ನಾನೇ. ಇವರನ್ನ ಹಿಂದೆ ನಿಲ್ಲಿಸ್ಕೊಂಡು ಬಚ್ಚಿಟ್ಟುಕೊಂಡಿದ್ದೆ. ಹೋದ ವಾರ ಇವರ ಸೊಂಟಕ್ಕೆ ಏನೂ ಆಗಿರ್ಲಿಲ್ಲ. ಮಾರನೇ ದಿನ ಸೂರಿನ ಮೇಲೆ ನಿಂತು ಹಿಮ ತಳ್ತಿದ್ರು, ನಾನೂ ಡೋರೀನೂ ಕಣ್ಣಾರೆ ನೋಡಿದ್ವಿ. ಬೀಳೋದ್ರಲ್ಲಿದ್ದೋಳು ನಾನು. ಇವರು ಮೊದಲು ಬಿದ್ರು. ರಿಂಕಿನ ಗೋಡೇಲಿ ಆ ಫೋಟೋ ಹಾಕಿದೋರು ಯಾರಿದ್ದೀರೋ, ಇವತ್ತೇ ಕಿತ್ತುಹಾಕಿ." ಉಸಿರು ತೆಗೆದುಕೊಳ್ಳಲು ನಿಂತಳು. "ಹೊಟ್ಟೇಲಿ ಕ್ಯಾನ್ಸರ್. ಮುಂದಿನ ಚಳಿಗಾಲಕ್ಕೆ ನಾನಿರಲ್ಲ. ಅಷ್ಟೇ. ಕೇಳೋದಿದ್ರೆ ಕಾಫಿ ಹೊತ್ತಿಗೆ ಕೇಳಿ."

ನವೆಂಬರಿನಲ್ಲಿ ಕಾರಿನಲ್ಲಿ ಅವಳು ಹೆದರಿದ್ದು ಯಾವುದಕ್ಕೋ ಅದೇ ಆಯಿತು: ಹದಿಮೂರು ಮುಖಗಳು ಅವಳ ಮುಖವನ್ನೇ ನೋಡುತ್ತ ನಿಂತವು. ಗಾರ್ಡಿ ಟೋಪಿ ತೆಗೆದ. ಹಿಂದಿನ ಸಾಲಿನಿಂದ ಎಸ್ತರ್ ಎಂಬ ಹೆಂಗಸು, ಹನ್ನೆರಡು ವರ್ಷದಿಂದ ತಪ್ಪದೆ ಬರುವವಳು, ಕಣ್ಣೊರೆಸಿಕೊಳ್ಳುತ್ತ ಮುಂದೆ ಬಂದು ನೆಟ್ಟಿಯ ಕೈ ಹಿಡಿದು ಮೆಲುದನಿಯಲ್ಲಿ ಏನೋ ಹೇಳತೊಡಗಿದಳು.

"ಪಿಸುಗುಟ್ಟಬೇಡ," ಎಂದಳು ನೆಟ್ಟಿ. "ಜೋರಾಗಿ ಮಾತಾಡು, ಇಲ್ಲಾಂದ್ರೆ ಸುಮ್ನಿರು. ಟೋಪಿ ಹಾಕ್ಕೊಳ್ಳೋ ಗಾರ್ಡಿ, ಕಿವಿ ಉದುರತ್ತೆ."

ಎಸ್ತರ್ ಕೈ ಬಿಟ್ಟಳು. ಒಂದು ಸಲ ಮೂಗೆಳೆದುಕೊಂಡು, ಕಾಡಿಗೆಲ್ಲ ಕೇಳುವಂತೆ, "ಹಾಗಾದ್ರೆ ಇವತ್ತು ನಲವತ್ತೇಳನೇ ನಂಬರಿಂದು ಹೇಳ್ಬೇಕು! ಪ್ರತಿ ಸಲ ದಾಟಿಸಿಬಿಡ್ತೀಯ!" ಎಂದಳು.

"ಅದು ಚರ್ಚಿಗೆ ಹೋಗೋರು ಕೇಳೋ ಕಥೆ ಅಲ್ಲ."

"ಚರ್ಚಿಗೆ ಹೋಗಿ ಬಂದಾಯ್ತು. ಹೇಳು!"

"ಮುಂದೆ ಯಾರು ಹಾಗಾದ್ರೆ?" ಎಂದ ಗಾರ್ಡಿ. ನೆಟ್ಟಿ ಎರಡನೆಯವಳಾದರೆ ಮೊದಲನೆಯ ಜಾಗ ಖಾಲಿ. ಇಪ್ಪತ್ತು ವರ್ಷದಲ್ಲಿ ಅಲ್ಲಿ ಬೇರೆಯವರು ನಿಂತದ್ದಿಲ್ಲ. ಓನುಫ್ರಿ ಯಾರನ್ನೂ ಕೇಳದೆ ಹೋಗಿ ನಿಂತರು. ನೆಟ್ಟಿ ಅವರ ಬೆನ್ನ ಹಿಂದೆ ನಿಂತಳು. ನಾನು ಅವಳ ಹಿಂದೆ.

ಓನುಫ್ರಿ ಹೊರಟ ರೀತಿ ನೋಡಿದರೆ ಅವರ ಸೊಂಟ ನಾವು ನಂಬಿದ್ದಷ್ಟು ಕೆಟ್ಟಿರಲಿಲ್ಲ. ಇಪ್ಪತ್ತು ಹೆಜ್ಜೆಯಲ್ಲಿ ಅವರಿಗೂ ನಮಗೂ ನಡುವೆ ಒಂದು ಬಸ್ಸಿನಷ್ಟು ಅಂತರವಾಯಿತು.

"ವುಯ್ಕು! ಪಂದ್ಯ ಮುಗಿದು ಐವತ್ತು ವರ್ಷ ಆಯ್ತು!" ಎಂದು ನೆಟ್ಟಿ ಕೂಗಿದಳು. ಅವರು ನಿಂತು, ನಾಚಿದವರಂತೆ ಹಿಂದೆ ನೋಡಿ ಕಾದರು. ಆಮೇಲೆ ಒಂದೊಂದೇ ಹೆಜ್ಜೆ ಇಡತೊಡಗಿದರು, ಹಿಂದಿನ ಉಸಿರನ್ನು ಆಲಿಸಿಕೊಂಡು.

ನಲವತ್ತೇಳನೆಯ ನಂಬರಿನ ಕಥೆ ಹೇಳಿದಳು. ಇಲ್ಲಿ ಬರೆಯುವಂಥದಲ್ಲ. ಎಸ್ತರ್ ನಕ್ಕು ನಕ್ಕು ಸ್ನೋಶೂ ಮೇಲೆ ಸ್ನೋಶೂ ಇಟ್ಟು ಬಿದ್ದಳು, ಅವಳನ್ನು ಎತ್ತಲು ಹೋದ ಗಾರ್ಡಿಯೂ ಬಿದ್ದ. ಆಗ ಯಾರೂ ನೆಟ್ಟಿಯ ಮುಖ ನೋಡುತ್ತಿರಲಿಲ್ಲ. ಚಾವಡಿಯಲ್ಲಿ ಕಾಫಿಯ ಹೊತ್ತಿಗೆ ಇಬ್ಬರು ಕೇಳಿದರು: ನೋವಿದೆಯೇ, ಮನೆಗೆ ಏನಾದರೂ ತರಬೇಕೇ. ನೋವಿದೆ ಎಂದಳು. ಏನೂ ತರಬೇಡಿ, ತಿನ್ನಲಾಗುವುದಿಲ್ಲ, ಅಂಗಳದ ಹಿಮ ಬೇಕಾದರೆ ಎತ್ತಿಕೊಡಿ ಎಂದಳು. ಮುಂದಿನ ತಿಂಗಳೆಲ್ಲ ಅವಳ ಅಂಗಳದಲ್ಲಿ ಹಿಮ ಇರಲಿಲ್ಲ.

ಕಾಫಿಯ ನಂತರ ಅವಳು ಕೆಲಸದವರ ದಾರಿಯಲ್ಲಿ ಹೋಗಲು ಒಪ್ಪಲಿಲ್ಲ. ಪೂರ್ತಿ ಸುತ್ತು ಎಂದಳು. ಐವತ್ತು ನಿಮಿಷದ ನಡಿಗೆ ಎರಡು ಗಂಟೆ ಹತ್ತು ನಿಮಿಷ ಹಿಡಿಯಿತು. ಮರದಿಂದ ಮರಕ್ಕೆ ಚಿಕ್ಕ ಹಕ್ಕಿಗಳು ಹಾರುತ್ತಿದ್ದವು, ಹಿಂದಿನವರು ಜೋರಾಗಿಯೇ ಹರಟೆ ಹೊಡೆಯುತ್ತಿದ್ದರು, ಕಾಲು ತಣ್ಣಗಾದವರು ನಿಂತಲ್ಲೇ ಹಿಮ ತುಳಿಯುತ್ತಿದ್ದರು. ಯಾರೂ ದಾಟಿ ಹೋಗಲಿಲ್ಲ. ಆ ಅರ್ಧ ದಾರಿಯಲ್ಲಿ ಒಂಬತ್ತು ಸಲ ನಿಂತೆವು. ನಿಂತಾಗೆಲ್ಲ ಅವಳು ಕೋಲಿನ ಮೇಲೆ ಬಾಗಿ, ಮುಂದಿದ್ದ ಓನುಫ್ರಿಯ ಕೋಟಿನ ಬೆನ್ನನ್ನು ನೋಡುತ್ತಿದ್ದಳು. ಅವರು ತಿರುಗಿ ನೋಡುತ್ತಿರಲಿಲ್ಲ. ಉಸಿರು ಬಂದ ಮೇಲೆ ಅವಳೇ, "ಹೂಂ, ನಡೀರಿ," ಎನ್ನುತ್ತಿದ್ದಳು. ಅವರು ಕಾಲೆತ್ತುತ್ತಿದ್ದರು.